ಕೆಂಪಸಿದ್ದಯ್ಯ ಮೇಷ್ಟ್ರ ಸಹಿ ಪುಸ್ತಕ

ಹಲಗೂರಿನ ಕೆಂಪಸಿದ್ದಯ್ಯ ಮೇಷ್ಟ್ರ ಅಕ್ಷರ ಅಂದರೆ ಅಕ್ಷರ. ಮುತ್ತು ಪೋಣಿಸಿದ ಹಾಗಿದೆ ಎಂದು ಊರೆಲ್ಲ ಹೇಳುತ್ತಿತ್ತು, ಮೇಷ್ಟ್ರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ನಿವೃತ್ತರಾದ ಮೇಲೂ ಮಳವಳ್ಳಿಯ ಕ್ರೀಡಾಕೂಟಕ್ಕೆ ಅವರೇ ಕಾರ್ಯದರ್ಶಿ. ಗೆದ್ದ ಮಕ್ಕಳ ಹೆಸರನ್ನು ಪ್ರಶಸ್ತಿಪತ್ರದಲ್ಲಿ ಬರೆದು ಸಹಿ ಹಾಕುವವರೂ ಅವರೇ. ಅದಕ್ಕೆ ಅವರು ಕೇಳುತ್ತಿದ್ದುದು ಒಂದೇ, ಗೆದ್ದವರು ತಮ್ಮ ಪುಸ್ತಕದಲ್ಲೊಂದು ಸಹಿ ಹಾಕಬೇಕು. ನಾಳೆ ದೇಶಕ್ಕಾಗಿ ಓಡುವವರ ಮೊದಲ ಸಹಿ ತಮ್ಮ ಹತ್ತಿರ ಇರಬೇಕೆಂಬ ಆಸೆ. ಯಾರಾದರೂ ಕಾಗೆ ಕಾಲು ಗುಬ್ಬಿ ಕಾಲು ಗೀಚಿದರೆ ಬಿಡುತ್ತಿರಲಿಲ್ಲ, ಮತ್ತೆ ಬರೆಸುತ್ತಿದ್ದರು.

ಆ ಕೈ ನಡುಗಲು ಶುರುವಾದದ್ದು ಹೆಂಡತಿ ಮಂಗಳಮ್ಮನಿಗೆ ಮಾತ್ರ ಗೊತ್ತಿತ್ತು.

"ಕಂಪ್ಯೂಟ್ರಲ್ಲಿ ಟೈಪ್ ಒಡಿಸ್ಬುಡಿ ಅಂದ್ರೆ ಕೇಳಕ್ಕಿಲ್ಲ ನೀವು," ಎಂದು ಆಕೆ ಬೈದರೆ, "ಅದ್ರಲ್ಲಿ ಜೀವ ಎಲ್ಲದೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಜಂಬ, ಬೇರೇನೂ ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೈ ಸ್ವಲ್ಪ ಹೇಳಿದ ಮಾತು ಕೇಳುತ್ತದೆ. ಖಾಲಿ ಪತ್ರಗಳಿಗೆಲ್ಲ ಆಗಲೇ ಸಹಿ ಹಾಕಿಟ್ಟುಕೊಳ್ಳುವರು. ಮೈದಾನದಲ್ಲಿ ಹೆಸರು ಬರೆಯುವಾಗ ಗೆರೆ ಜಾರಿದರೆ ಅದರ ಮೇಲೇ ದಪ್ಪಗೆ ತಿದ್ದುವರು.

ಈ ಸಲ ಜಾರಿದ್ದು ಶೋಭಿತಾಳ ಹೆಸರು. ಸಾವಿರದೈನೂರು ಮೀಟರು ಓಟದಲ್ಲಿ ಮೊದಲು ಬಂದ ಹುಡುಗಿ. ಆ ಪತ್ರ ಹಿಡಿದು ಮಂಡ್ಯದ ಕ್ರೀಡಾ ಹಾಸ್ಟೆಲಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕರೆ ಊಟ, ತರಬೇತಿ, ಓದು ಎಲ್ಲವೂ ಅಲ್ಲೇ. ಸಿಗದಿದ್ದರೆ ಓಟಕ್ಕೆ ಅಲ್ಲಿಗೇ ಮುಕ್ತಾಯ. ಹೆಸರು ತಿದ್ದಿದೆ ಎಂದು ಅರ್ಜಿ ವಾಪಸ್ ಬಂತು. ಸರಿಪಡಿಸಲು ಒಂದೇ ದಿನ ಉಳಿದಿತ್ತು. ಮೇಷ್ಟ್ರು ಅವಳನ್ನು ಕರೆದುಕೊಂಡು ಮಂಡ್ಯದ ಬಸ್ಸು ಹತ್ತಿದರು.

ಹಾಸ್ಟೆಲ್ ಕಚೇರಿಯ ಗುಮಾಸ್ತ ಒಳ್ಳೆಯವನೇ. "ತಿದ್ದಿದ್ದು ನೀವೇ ಅಂತ ಇಲ್ಲೇ ಬರೆದು ಸಹಿ ಹಾಕಿಬಿಡಿ ಸಾರ್, ಸಾಕು," ಎಂದ. ಮಧ್ಯಾಹ್ನ ಹನ್ನೆರಡಾಗಿತ್ತು. ಎಡಗೈಯಿಂದ ಮಣಿಕಟ್ಟು ಒತ್ತಿ ಹಿಡಿದು ಮೇಷ್ಟ್ರು ಮೂರು ಸಲ ಸಹಿ ಹಾಕಿದರು. ಮೂರೂ ಮೂರು ಥರ ಬಂದವು, ಪತ್ರದಲ್ಲಿದ್ದ ಸಹಿಗೆ ಒಂದೂ ಹೊಂದಲಿಲ್ಲ. ಕೊನೆಗೆ ಚೀಲದಿಂದ ಪುಸ್ತಕ ತೆಗೆದು ಶೋಭಿತಾ ಅಂದು ಹಾಕಿದ್ದ ಸಹಿ ತೋರಿಸಿದರು. ತಾರೀಖಿತ್ತು, ಓಟದ ಹೆಸರಿತ್ತು. ಗುಮಾಸ್ತ ಹಾಳೆ ತಿರುವುತ್ತಾ ಎಲ್ಲವನ್ನೂ ನಿಜವಾಗಿಯೇ ಮೆಚ್ಚಿದ.

"ಚೆನ್ನಾಗಿದೆ ಸಾರ್. ಆದ್ರೆ ಇದನ್ನ ದಾಖಲೆ ಅಂತ ತಗೊಳ್ಳೋಕಾಗಲ್ಲ."

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಕೈ ನಡುಗೋದು ಯಾವಾಗ್ನಿಂದ ಸಾ?"

"ಎಲ್ಡು ವರ್ಸ ಆಯ್ತು ಕಣವ್ವ."

ಅವಳು ಪತ್ರದ ಮೇಲಿದ್ದ ತನ್ನ ಹೆಸರನ್ನು ನೋಡಿದಳು. "ಓದ್ವರ್ಸ ಶಾಲಿನಕ್ಕ ಗೆದ್ದಿದ್ಲಲ್ಲ ಸಾ, ಅವ್ಳ್ದೂ ನೀವೇ ಬರ್ದಿದ್ದಾ?"

ಶಾಲಿನಿ ಎತ್ತರ ಜಿಗಿತದ ಹುಡುಗಿ. ಅವಳ ಹೆಸರಿನ ನಡುವೆ ಗೆರೆ ಜಾರಿದ್ದು, ಅದನ್ನು ದಪ್ಪ ಮಾಡಿದ್ದು, ಯಾರಿಗೂ ಕಾಣಲಿಲ್ಲವೆಂದು ಒಳಗೊಳಗೇ ಹಿಗ್ಗಿದ್ದು, ಎಲ್ಲ ಮೇಷ್ಟ್ರಿಗೆ ನೆನಪಾಯಿತು.

"ಅವ್ಳಿಗೂ ಸೀಟು ಸಿಕ್ನಿಲ್ಲ. ಯಾಕೆ ಅಂತ ಯಾರೂ ಯೋಳ್ನಿಲ್ಲ. ತನ್ನ ಜಿಗಿತಾನೇ ಸಾಲ್ದು ಅಂದ್ಕಂಡು ಬುಟ್ಬುಟ್ಳು. ಈಗ ಮದ್ದೂರಲ್ಲಿ ಗಾರ್ಮೆಂಟ್ಸ್‌ಗೆ ಓಯ್ತಾಳೆ."

ಮೇಷ್ಟ್ರು ಪುಸ್ತಕ ತೆರೆದರು. ಎರಡು ವರ್ಷಗಳ ಸಹಿಗಳು ಇಪ್ಪತ್ತಾರು. ನೋಡಿ ನೋಡಿ ಸಂತೋಷಪಟ್ಟಿದ್ದ ಆ ಹಾಳೆಗಳಲ್ಲಿರುವ ಇನ್ನೆಷ್ಟು ಮಕ್ಕಳ ಹೆಸರನ್ನು ಪ್ರಶಸ್ತಿಪತ್ರದಲ್ಲಿ ತಿದ್ದಿ ಕೆಡಿಸಿದ್ದಾರೋ ಅವರಿಗೇ ಗೊತ್ತಿಲ್ಲ.

ಮದ್ದೂರಿನ ಮೇಲೆ ಹೋಗುವ ಹಲಗೂರು ಬಸ್ಸು ಬಂತು. ಹತ್ತಿ ಕೂತ ಮೇಲೆ ಶೋಭಿತಾ ಕಂಡಕ್ಟರಿಗೆ ಆಧಾರ್ ತೋರಿಸಿ ಹಲಗೂರಿಗೆ ಚೀಟಿ ತಗೊಂಡಳು. ಮೇಷ್ಟ್ರು, "ನಂಗೆ ಮದ್ದೂರು," ಎಂದರು.

"ಮದ್ದೂರಲ್ಲಿ ಯಾರವ್ರೆ ಸಾ?"

"ಶಾಲಿನಿ ಕೆಲ್ಸ ಬುಡೋದು ಎಷ್ಟೊತ್ಗೆ?"

"ಆರಕ್ಕೆ." ಹುಡುಗಿ ಅವರ ಮುಖ ನೋಡಿದಳು. "ಬಯ್ತಾಳೆ ಸಾ ಅವ್ಳು. ಬಾಯಿ ಜೋರು."

"ಬಯ್ಲಿ ಬುಡು. ಅವ್ಳ ಜಿಗಿತ ಸರಿಯಾಗೇ ಇತ್ತು ಅಂತ ಯಾರಾದ್ರೂ ಯೋಳ್ಬೇಕಲ್ಲವ್ವಾ."