ತಪ್ಪಿದಲ್ಲಿ ಸಂಘವೇ ಕ್ರಮ ಜರುಗಿಸುವುದು

ತಿಪಟೂರಿನ ಹೊರಗಿನ ಹೊಸತೋಟ ಬಡಾವಣೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕಕ್ಕೆ ಒಂದು ಕಪ್ಪು ಹಲಗೆ. ಅದರ ನೆತ್ತಿಯ ಮೇಲೆ 'ನಿವಾಸಿಗಳಿಗೆ ಸುದ್ದಿ ಮತ್ತು ಜ್ಞಾಪನೆ' ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಭಾನುವಾರ ಬೆಳಿಗ್ಗೆ ಸಂಘದ ಅಧ್ಯಕ್ಷರಾದ ವೀರಭದ್ರಯ್ಯನವರು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಸೀಮೆಸುಣ್ಣ ಹಿಡಿದು ಅದರ ಮುಂದೆ ನಿಂತರೆಂದರೆ, ಈ ವಾರ ಯಾರ ಮಾನ ಹೋಗುತ್ತದೋ ಎಂದು ಹೆಂಗಸರು ಕಿಟಕಿಯಿಂದ ಇಣುಕುತ್ತಿದ್ದರು. ನೀರು ಯಾವಾಗ ಬಿಡುತ್ತಾರೆ, ಕಸದ ಗಾಡಿ ಯಾವಾಗ ಬರುತ್ತದೆ ಎಂಬ ಸುದ್ದಿ ಎರಡೇ ಸಾಲಿಗೆ ಮುಗಿಯುತ್ತಿತ್ತು. ಉಳಿದದ್ದೆಲ್ಲ ಜ್ಞಾಪನೆ. ಇಂಥ ಮನೆಯವರು ತೆಂಗಿನ ಮಟ್ಟೆಯನ್ನು ಚರಂಡಿಗೆ ಹಾಕಿದ್ದಾರೆ, ಇಂಥವರ ಮನೆಯ ಜಗಳ ಬೀದಿಗೆ ಕೇಳಿಸುತ್ತಿದೆ, ಇಂಥವರ ಕೋಳಿ ಪಾರ್ಕಿಗೆ ನುಗ್ಗಿದೆ. ಎಲ್ಲವೂ ಮನೆ ನಂಬರಿನ ಸಮೇತ. ಬರೆದು ಮುಗಿಸಿ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೂ ಹಾಕುತ್ತಿದ್ದರು. ನೋಡಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಅಂಕಮ್ಮನ ತೆಂಗಿನ ಮರ ಆ ಹಲಗೆಗೆ ಬಿದ್ದದ್ದು ಒಂದು ಸೋಗೆಯ ದೆಸೆಯಿಂದ.

ಬಡಾವಣೆಯ ಜಾಗವೆಲ್ಲ ಒಂದು ಕಾಲಕ್ಕೆ ಅಂಕಮ್ಮನ ಗಂಡನ ಮನೆಯವರ ತೋಟವೇ. ಅಣ್ಣತಮ್ಮಂದಿರು ಮಾರಿ ಹಂಚಿಕೊಂಡಾಗ ಅವಳ ಗಂಡ ಹುಚ್ಚಣ್ಣ ತನ್ನ ಪಾಲಿಗೆ ಒಂದು ನಿವೇಶನವನ್ನೂ ಕೇಳಿ ಪಡೆದಿದ್ದ. ಕೇಳು ಎಂದು ಹಟ ಹಿಡಿದವಳು ಅಂಕಮ್ಮ. ಆ ನಿವೇಶನದ ಅಂಚಿನಲ್ಲಿ ಅವಳೇ ನೆಟ್ಟ ಮರವಿತ್ತು. ಮದುವೆಯಾದ ವರ್ಷ ತುರುವೇಕೆರೆ ಕಡೆಯ ತವರಿನಿಂದ ಆ ಸಸಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಇದಕ್ಕೂ ಅರ್ಧ ಟಿಕೆಟ್ ತಗೋಬೇಕು ಕಣವ್ವ ಎಂದು ಕಂಡಕ್ಟರ್ ರೇಗಿಸಿದ್ದ. ತೋಟದ ಮರಗಳೆಲ್ಲ ಉರುಳಿ ರಸ್ತೆಗಳಾದಾಗ ಅದೊಂದು ಉಳಿಯಿತು. ಮನೆ ಕಟ್ಟುವಾಗ ಕಾಂಪೌಂಡನ್ನೇ ಬಾಗಿಸಿ ಮರವನ್ನು ಒಳಗಿಟ್ಟುಕೊಂಡರು. ಬುಡ ಒಳಗೆ, ತಲೆ ಮಾತ್ರ ಕೊಂಚ ರಸ್ತೆಯ ಕಡೆಗೆ.

ಒಂದು ಗಾಳಿಯ ದಿನ ಅದರ ಒಣಗಿದ ಸೋಗೆ ಕಳಚಿ, ಅಡಿಯಲ್ಲಿ ಹೋಗುತ್ತಿದ್ದ ವೀರಭದ್ರಯ್ಯನವರ ಹೊಸ ಕಾರಿನ ಬಾನೆಟ್ಟಿನ ಮೇಲೆ ಬಿತ್ತು. ಗೀರಾಯಿತು, ಅಷ್ಟೆ. ಮುಂದಿನ ಭಾನುವಾರ ಹಲಗೆಯ ಮೇಲೆ ದುಂಡಗಿನ ಅಕ್ಷರಗಳು ಕಾಣಿಸಿದವು: 'ಮನೆ ನಂಬರ್ ಇಪ್ಪತ್ತೊಂದರ ಮುಂದೆ ರಸ್ತೆಗೆ ಚಾಚಿರುವ ತೆಂಗಿನ ಮರವು ಸಾರ್ವಜನಿಕರಿಗೆ ತೊಂದರೆ ಉಂಟುಮಾಡುತ್ತಿದ್ದು, ಮಾಲೀಕರು ಕೂಡಲೇ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಸಂಘವೇ ಕ್ರಮ ಜರುಗಿಸುವುದು.'

"ಫಲ ಕೊಡೋ ಮರ ಯಾವನಾದ್ರೂ ಕಡೀತಾನಾ? ಬರ್ಕಂಡ್ರೆ ಬರ್ಕಳ್ಳಿ ಬುಡು," ಎಂದಳು ಅಂಕಮ್ಮ. ಸೋಗೆಗಳನ್ನೆಲ್ಲ ಆಳು ಹತ್ತಿಸಿ ಸವರಿಸಿದಳು. ಅದೇ ಜ್ಞಾಪನೆ ಇನ್ನೆರಡು ಭಾನುವಾರ ಬಂತು. ಆಮೇಲೆ ನಿಂತಿತು. ಸುಮ್ಮನಾದರು ಎಂದುಕೊಂಡಳು.

ಬೋರನಕಣಿವೆ ಕಡೆ ತಂಗಿಯ ಮನೆಯ ಗೃಹಪ್ರವೇಶವಿತ್ತು. ಗಂಡ ಹೆಂಡತಿ ಇಬ್ಬರೂ ಹೋಗಿ ಮಾರನೆಯ ದಿನ ಇಳಿಹೊತ್ತಿಗೆ ಹಿಂತಿರುಗಿದರು. ತಿರುವಿನಲ್ಲಿ ಬರುತ್ತಿದ್ದ ಹಾಗೆ ಆಕಾಶ ಎಂದಿಗಿಂತ ಅಗಲವಾಗಿ ಕಂಡಿತು. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಎದುರುಮನೆ ಶಿಲ್ಪಳ ಮಕ್ಕಳು ಮೆಟ್ಟಿಲ ಮೇಲೆ ಕೂತು ಬೆಳ್ಳಗಿನ ಏನನ್ನೋ ಕರುಂ ಕುರುಂ ಎಂದು ಅಗಿಯುತ್ತಿದ್ದವು.

"ಅಜ್ಜಿ, ನಿಮ್ಮ ಮರದ ಸುಳಿ. ಸಕ್ಕರೆ ಇದ್ದಂಗಿದೆ!"

ಮರದ ನೆತ್ತಿಯನ್ನು ಸೀಳಿ, ಒಳಗಿನ ಎಳೆ ತಿರುಳನ್ನು ವೀರಭದ್ರಯ್ಯನವರು ತಟ್ಟೆಗಳಲ್ಲಿಟ್ಟು ಮನೆಮನೆಗೂ ಕಳಿಸಿದ್ದರು. ಅಂಕಮ್ಮನ ಗೇಟಿಗೂ ಒಂದು ಪೊಟ್ಟಣ ಸಿಕ್ಕಿಸಿತ್ತು. ಕಾಂಪೌಂಡಿನೊಳಗೆ ಮರದ ಬುಡ ಮಾತ್ರ, ಗರಗಸದ ಹುಡಿಯ ನಡುವೆ ಇನ್ನೂ ಹಸಿಹಸಿಯಾಗಿತ್ತು.

ಅವಳು ಚೀಲವನ್ನೂ ಇಳಿಸದೆ ಸೀದಾ ಹನ್ನೆರಡನೇ ನಂಬರಿಗೆ ಹೋದಳು. ವೀರಭದ್ರಯ್ಯನವರು ಕಾರಿನ ಶೆಡ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ನಾವಿಲ್ದಾಗ ನಮ್ಮ ಮನೆ ಒಳಿಕ್ಕೆ ಬಂದು ಮರ ಕಡ್ಸಿದ್ದೀರಲ್ಲ ಸ್ವಾಮಿ, ನಿಮ್ಗೆ ಯಾವ ದೇವ್ರು ಒಳ್ಳೇದು ಮಾಡ್ತಾನೆ?"

ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. "ನೋಟಿಸ್ ಕೊಟ್ಟಿದ್ವಲ್ಲಮ್ಮ. ಬೋರ್ಡ್ ಓದೋ ಅಭ್ಯಾಸ ಇಟ್ಕೊಳ್ಳಿ."

ಅಂಕಮ್ಮ ಬಂದ ದಾರಿಯಲ್ಲೇ ಹಿಂತಿರುಗಿದಳು. ಅವತ್ತು ದೀಪ ಹಚ್ಚುವ ಹೊತ್ತಿಗೆ ವೀರಭದ್ರಯ್ಯನವರ ಹೆಂಡತಿ ದ್ರಾಕ್ಷಾಯಣಮ್ಮ ಸೆರಗು ಹೊದ್ದು ಬಂದು ಜಗಲಿಯ ಅಂಚಿನಲ್ಲಿ ಕೂತರು. ಬಡಾವಣೆಯಿಂದ ಬಂದವರು ಅವರೊಬ್ಬರೇ. "ನಾನು ಮುಟ್ಟಲಿಲ್ಲ ಕಣಕ್ಕ ಅದನ್ನ. ಬೇಡ ಅಂತ ಹೇಳ್ದೆ. ನನ್ನ ಮಾತು ಯಾವತ್ತು ಕೇಳಿದಾರೆ ಅವ್ರು?" ಎಂದು ಕಣ್ಣೊರೆಸಿಕೊಂಡರು. ಅಂಕಮ್ಮ ಅವರ ಕೈ ಹಿಡಿದುಕೊಂಡಳು.

ಪೊಲೀಸರಿಗೆ ದೂರು ಕೊಡೋಣ ಎಂದರೆ ಹುಚ್ಚಣ್ಣ ಒಪ್ಪಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ತೆಂಗಿನ ನಾರಿನ ಹಗ್ಗ, ಪೊರಕೆ ಮಾರುವ ಅಂಗಡಿ ಅವನದು. ಜಗಳವೆಂದರೆ ಮೈಯೆಲ್ಲ ಬೆವರುವ ಮನುಷ್ಯ. "ಬುಡು ಅತ್ಲಾಗೆ ಕಣೇ. ಮರ ಹೋಯ್ತು, ಇನ್ನು ಮಾನಾನೂ ಕಳ್ಕೊಳಾದು ಬ್ಯಾಡ."

"ಬುಡ್ತೀನಿ," ಎಂದಳು ಅಂಕಮ್ಮ. "ಅವನು ಯಾವ ಬೋರ್ಡ್ ಮ್ಯಾಲೆ ನನ್ನ ಮರ ಬರ್ದ್ನೋ ಆ ಬೋರ್ಡ್ ಮ್ಯಾಲೇ ಅವನ್ನ ಬರೀತೀನಿ. ಆಮೇಲೆ ಬುಡ್ತೀನಿ."

ಅವತ್ತಿನಿಂದ ಅಂಕಮ್ಮ ಬೂದಿ ಮುಚ್ಚಿದ ಕೆಂಡ. ವೀರಭದ್ರಯ್ಯನವರು ಎದುರಾದರೆ ನಮಸ್ಕಾರ ಎನ್ನುತ್ತಿದ್ದಳು. ಗಣೇಶನ ಹಬ್ಬಕ್ಕೆ ಸಂಘದವರಿಗೆಲ್ಲ ಹುಳಿಯನ್ನ ಕಲಸಿದಳು. ಟ್ಯಾಂಕು ತೊಳೆಯುವ ದಿನ ಪೊರಕೆ ಹಿಡಿದು ಮೊದಲು ನಿಂತಳು. ಮಧ್ಯಾಹ್ನದ ಬಿಡುವಿನಲ್ಲಿ, ಹಲಗೆಯ ಮೇಲೆ ಯಾರ ಯಾರ ಮಾನ ಹೋಗಿತ್ತೋ ಅವರ ಮನೆಗಳಿಗೆ ಒಂದೊಂದಾಗಿ ಹೋಗಿ ಕೂತಳು. "ಅವತ್ತು ನಿಮ್ಮ ಮನೆ ಜಗಳನ ಬೋರ್ಡಿಗೆ ಹಾಕಿದ್ರಲ್ಲ, ನೋಡಿ ನಂಗೇ ಹೊಟ್ಟೆ ಉರ್ದೋಯ್ತು ಕಣವ್ವ," ಎನ್ನುತ್ತಿದ್ದಳು. ಅವರು ಮರೆತಿದ್ದರೆ ನೆನಪಾಗುತ್ತಿತ್ತು. ನೆನಪಿದ್ದರೆ ಉರಿಯುತ್ತಿತ್ತು. ಗಾಯಕ್ಕೆ ಇಷ್ಟಿಷ್ಟೇ ಮೆಣಸಿನಪುಡಿ ಉದುರಿಸಿ, ಕೊಟ್ಟ ಕಾಫಿ ಕುಡಿದು ಎದ್ದು ಬರುತ್ತಿದ್ದಳು. ಯಾರ ಮುಂದೆಯೂ ತನ್ನ ಮರದ ಸುದ್ದಿ ಎತ್ತಲಿಲ್ಲ.

ಯುಗಾದಿ ಕಳೆದ ಮೇಲೆ ಸಂಘದ ವಾರ್ಷಿಕ ಸಭೆ ಸೇರಿತು. ಎಂದಿನಂತೆ ಅವಿರೋಧವಾಗಿ ಮುಂದುವರಿಯೋಣವೇ ಎಂದು ವೀರಭದ್ರಯ್ಯನವರು ನಗುತ್ತ ಕೇಳಿದರು. ಶಿಲ್ಪ ಎದ್ದು ನಿಂತು, "ಈ ಸಲ ಅಂಕಮ್ಮನವರು ಆಗ್ಲಿ ಸಾರ್," ಎಂದಳು. ಮರದ ಸುಳಿ ತಿಂದ ಮುಜುಗರ ಅವಳಲ್ಲಿ ಇನ್ನೂ ಉಳಿದಿತ್ತೋ ಏನೋ. ಅವಳ ಹಿಂದೆಯೇ ಹೆಂಗಸರ ಕೈಗಳು ಮೇಲೆದ್ದವು, ಆಮೇಲೆ ಗಂಡಸರವೂ. ಎಣಿಸುವ ಅಗತ್ಯವೇ ಬೀಳಲಿಲ್ಲ. ವೀರಭದ್ರಯ್ಯನವರ ನಗೆ ಸ್ವಲ್ಪ ಹೊತ್ತು ತುಟಿಯ ಮೇಲೆಯೇ ಒಣಗಿಕೊಂಡಿತ್ತು.

ಮುಂದಿನ ಭಾನುವಾರ ಅಂಕಮ್ಮ ಸೀಮೆಸುಣ್ಣ ಹಿಡಿದಳು. ಅಕ್ಷರ ಸೊಟ್ಟಗಿದ್ದರೂ ಒಂದೂ ತಪ್ಪಿರಲಿಲ್ಲ. ಗ್ರೂಪಿನಲ್ಲಿ ಹಳೆಯ ಫೋಟೊ ಹುಡುಕಿ, ಎದುರಿಗೆ ಹಿಡಿದುಕೊಂಡು ಬರೆದಿದ್ದಳು: 'ಮನೆ ನಂಬರ್ ಹನ್ನೆರಡರ ಮುಂದೆ ರಸ್ತೆಗೆ ಚಾಚಿರುವ ಕಾರಿನ ಶೆಡ್ಡು ಸಾರ್ವಜನಿಕರಿಗೆ ತೊಂದರೆ ಉಂಟುಮಾಡುತ್ತಿದ್ದು, ಮಾಲೀಕರು ಕೂಡಲೇ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಸಂಘವೇ ಕ್ರಮ ಜರುಗಿಸುವುದು.'

ಶೆಡ್ಡು ರಸ್ತೆಗೆ ಬಂದಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಕಬ್ಬಿಣದ ಕಂಬ, ಮೇಲೆ ನೀಲಿ ಶೀಟು. ಕಸದ ಗಾಡಿ ಅಲ್ಲಿ ತಿರುಗಲಾರದೆ ಹಿಂದಕ್ಕೇ ಹೋಗುತ್ತಿತ್ತು. ಆದರೆ ಅಧ್ಯಕ್ಷರ ಶೆಡ್ಡನ್ನು ಹಲಗೆಗೆ ಬರೆಯುವವರು ಯಾರು?

ಸಂಜೆ ದ್ರಾಕ್ಷಾಯಣಮ್ಮ ಬಂದರು. ಆ ಶೆಡ್ಡಿನ ಹಿಂಬದಿಯ ಮೂಲೆಯಲ್ಲಿ ಅವರ ಹೊಲಿಗೆ ಮಿಷನ್ ಇತ್ತು. ಬಡಾವಣೆಯ ಅರ್ಧ ಹೆಂಗಸರ ರವಿಕೆಗಳು ಅಲ್ಲೇ ಆಗುತ್ತಿದ್ದವು.

"ಅಕ್ಕ, ನಿಮ್ಮ ಕೋಪ ನಂಗರ್ಥ ಆಗುತ್ತೆ. ಆದ್ರೆ ಶೆಡ್ ಹೋದ್ರೆ ಮಿಷನ್ ಎಲ್ಲಿಡ್ಲಿ? ಮನೆ ಒಳಗೆ ಇಟ್ರೆ ಸದ್ದು ಅಂತ ಕಿರುಚ್ತಾರೆ. ನಾಲ್ಕು ಜನದ ಮುಖ ನೋಡೋದು ನಾನು ಅಲ್ಲಿ ಕೂತಾಗ್ಲೇ."

ಈ ಹೆಂಗಸಿನ ತಪ್ಪೇನು ಎನ್ನಿಸಿತು ಅಂಕಮ್ಮನಿಗೆ. "ನೋಡಾಣ ತಾಯಿ," ಎಂದು ಕಳಿಸಿದಳು. ಎರಡು ದಿನ ಅನ್ನ ಸರಿಯಾಗಿ ಸೇರಲಿಲ್ಲ. ಅಳಿಸಿಬಿಡಲೇ ಎಂದು ಒಂದು ಸಲ ಹಲಗೆಯ ತನಕ ಹೋಗಿಯೂ ಬಂದಳು.

ಆದರೆ ಆ ವಾರವೇ ವೀರಭದ್ರಯ್ಯನವರು ಗ್ರೂಪಿಗೆ ಒಂದು ಸಂದೇಶ ಹಾಕಿದರು: 'ನಮ್ಮ ಹೊಸ ಅಧ್ಯಕ್ಷೆಗೆ ಎಲ್ಲರೂ ಸೇರಿ ಒಂದು ತೆಂಗಿನ ಸಸಿ ಕೊಡಿಸೋಣ. ಅತ್ತೂ ಅತ್ತೂ ಸುಸ್ತಾಗಿದ್ದಾರೆ.' ಕೆಳಗೆ ನಗುವ ಮುಖಗಳ ಸಾಲು.

ಶಿಲ್ಪ ಅದನ್ನು ಓದಿ ಹೇಳಿದಾಗ ಅಂಕಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ಇನ್ನೊಂದ್ಸಲ ಓದವ್ವ," ಎಂದಳು. ಕೇಳಿದಳು. ಅಲ್ಲಿಗೆ ಮುಗಿಯಿತು. ಮಾರನೆಯ ದಿನವೇ ನಗರಸಭೆಗೆ ಹೋಗಿ ಸಂಘದ ಹೆಸರಿನಲ್ಲಿ ಅರ್ಜಿ ಕೊಟ್ಟಳು. ಅಳೆಯಲು ಬಂದವರು ರಸ್ತೆಯ ಜಾಗವೇ ಹೌದೆಂದರು. ಯಾವತ್ತು ಕೆಡವಬೇಕು ಎಂದು ಕೇಳಿದಾಗ, "ನಾನೇ ಹೇಳ್ತೀನಿ," ಎಂದಳು. ಜ್ಞಾಪನೆಯನ್ನು ಮಾತ್ರ ಇನ್ನೆರಡು ಭಾನುವಾರ ತಪ್ಪದೆ ಬರೆದಳು.

ವೀರಭದ್ರಯ್ಯನವರು ಚಿಕ್ಕನಾಯಕನಹಳ್ಳಿಗೆ ನೆಂಟರ ಮದುವೆಗೆ ಹೊರಟ ದಿನ ಬೆಳಿಗ್ಗೆ, ಅವರ ಕಾರು ತಿರುವು ದಾಟಿದ ಮೇಲೆ ಅಂಕಮ್ಮ ನಗರಸಭೆಗೆ ಫೋನ್ ಮಾಡಿದಳು.

ಜೆಸಿಬಿ ಬಂದಾಗ ದ್ರಾಕ್ಷಾಯಣಮ್ಮ ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಯ ತೋಳು ಹೊಲಿಯುತ್ತಿದ್ದರು. ಮಂಡಿನೋವೆಂದು ಮದುವೆಗೆ ಹೋಗಿರಲಿಲ್ಲ. ಅದು ಅಂಕಮ್ಮನಿಗೆ ಗೊತ್ತಿರಲಿಲ್ಲ. ಡ್ರೈವರು ಎಂಜಿನ್ ತಗ್ಗಿಸಿ, ಪಕ್ಕದಲ್ಲಿ ನಿಂತಿದ್ದ ಅಂಕಮ್ಮನ ಮುಖ ನೋಡಿದ. ಜನ ಸೇರಿದ್ದರು.

"ದ್ರಾಕ್ಷಾಯಣಿ, ಎದ್ದೇಳು ತಾಯಿ. ಮಿಷನ್ ನಮ್ಮ ಜಗಲಿಗೆ ಇಡಾಣ. ದಿನಾ ಅಲ್ಲೇ ಬಂದು ಹೊಲೀವಂತೆ."

ದ್ರಾಕ್ಷಾಯಣಮ್ಮ ತೋಳಿನ ಹೊಲಿಗೆ ಮುಗಿಸಿದರು. ದಾರ ಕಡಿದರು. ಎದ್ದು ಅಂಕಮ್ಮನನ್ನು ಒಂದು ಸಲ ನೋಡಿದರು. "ನೀವೂ ಅವ್ರು ಊರಲ್ಲಿ ಇಲ್ದಿರೋ ದಿನಾನೇ ಆರಿಸಿಕೊಂಡ್ರಾ?" ಎಂದು ಮೆಲ್ಲಗೆ ಕೇಳಿದರು. ಅಂಕಮ್ಮ ಮಿಷನ್ನಿಗೆ ಕೈ ಹಾಕಲು ಹೋದಾಗ, "ನೀವು ಬಿಡಿ," ಎಂದು ಶಿಲ್ಪಳನ್ನು ಕರೆದರು. ಇಬ್ಬರೂ ಸೇರಿ ಅದನ್ನು ಮನೆಯೊಳಕ್ಕೆ ಹೊತ್ತರು.

ಅಂಕಮ್ಮ ಡ್ರೈವರಿನ ಕಡೆ ತಿರುಗಿ ತಲೆಯಾಡಿಸಿದಳು. ಮೊದಲ ಏಟಿಗೇ ಕಂಬ ಬಾಗಿತು. ನೀಲಿ ಶೀಟು ಕಿರ್ರೆಂದು ಮಡಚಿಕೊಂಡು ರಸ್ತೆಗೆ ಬಿತ್ತು. ಆ ಸದ್ದಿಗೆ ಅವಳ ಒಡಲಲ್ಲಿ ವರ್ಷದಿಂದ ಕುದಿಯುತ್ತಿದ್ದುದೆಲ್ಲ ಒಮ್ಮೆಗೇ ತಣ್ಣಗಾಯಿತು. ಸುಳ್ಳೇಕೆ, ಅಷ್ಟು ಸುಖ ಅವಳಿಗೆ ಬಹಳ ಕಾಲದಿಂದ ಆಗಿರಲಿಲ್ಲ. ಕೊನೆಯ ಕಂಬ ಕೀಳುವವರೆಗೂ ಬಿಸಿಲಿನಲ್ಲಿ ನಿಂತೇ ನೋಡಿದಳು.

ಸಂಜೆ ವೀರಭದ್ರಯ್ಯನವರು ಮದುವೆಯ ರೇಷ್ಮೆ ಪಂಚೆಯಲ್ಲೇ ಅವಳ ಗೇಟಿಗೆ ಬಂದು ಅಬ್ಬರಿಸಿದರು. "ನಾನಿಲ್ಲದಾಗ ಕೆಡವಿಸ್ತೀರಾ? ಮನುಷ್ಯತ್ವ ಇದೆಯಾ ನಿಮಗೆ?"

ಅಂಕಮ್ಮ ಜಗಲಿಯಿಂದ ಏಳಲಿಲ್ಲ. "ನೋಟಿಸ್ ಕೊಟ್ಟಿದ್ವಲ್ಲ ಸ್ವಾಮಿ. ಬೋರ್ಡ್ ಓದೋ ಅಭ್ಯಾಸ ಇಟ್ಕಳಿ."

ಅಕ್ಕಪಕ್ಕದ ಮಹಡಿಗಳ ಮೇಲೆ ಯಾರೋ ಕಿಸಕ್ಕೆಂದರು. ವೀರಭದ್ರಯ್ಯನವರು ತಲೆಯೆತ್ತಿ ನೋಡಿದರು. ಎಷ್ಟೊಂದು ಮುಖಗಳು! ಒಂದರಲ್ಲೂ ಅಯ್ಯೋ ಎಂಬುದಿರಲಿಲ್ಲ. ಪಂಚೆಯ ಅಂಚನ್ನು ಎತ್ತಿ ಹಿಡಿದು, ಬಂದದ್ದಕ್ಕಿಂತ ನಿಧಾನವಾಗಿ ಹಿಂತಿರುಗಿದರು. ಆ ಮೇಲೆ ಸಂಘದ ಸಭೆಗೆ ಅವರು ಬರಲಿಲ್ಲ. ಗ್ರೂಪನ್ನೂ ಬಿಟ್ಟರು.

"ಸಮಾಧಾನ ಆಯ್ತೇನೇ?" ಎಂದು ಹುಚ್ಚಣ್ಣ ಊಟಕ್ಕೆ ಕೂತಾಗ ಕೇಳಿದ.

"ಆಯ್ತು," ಎಂದಳು. ಮುದ್ದೆ ಇನ್ನೊಂದು ಹಾಕಿಸಿಕೊಂಡು ಉಂಡಳು.

ಒಂದು ವಾರ ಬಿಟ್ಟು ಶಿಲ್ಪ ಒಂದು ಚೀಲ ತಂದುಕೊಟ್ಟಳು. ತಂಗಿಯ ಮಗಳ ಸೀಮಂತಕ್ಕೆಂದು ಅಂಕಮ್ಮ ದ್ರಾಕ್ಷಾಯಣಮ್ಮನವರಿಗೆ ಹೊಲಿಯಲು ಕೊಟ್ಟಿದ್ದ ಹಸಿರು ರವಿಕೆ ಬಟ್ಟೆ ಅದರಲ್ಲಿತ್ತು. ಕತ್ತರಿ ಸೋಕಿರಲಿಲ್ಲ. ಕೊಟ್ಟ ಮಡಿಕೆಯಲ್ಲೇ ಇತ್ತು.

"ಬೇರೆ ಕಡೆ ಹೊಲಿಸ್ಕೊಳ್ಳೋಕೆ ಹೇಳು ಅಂದ್ರು."

"ಇನ್ನೇನಾದ್ರೂ ಅಂದ್ಲಾ?"

"ಇಲ್ಲ."

ಅಂಕಮ್ಮ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಬಹಳ ಹೊತ್ತು ಸವರುತ್ತ ಕೂತಳು. ಹನ್ನೆರಡನೇ ನಂಬರಿಗೆ ಒಂದು ಸಲ ಹೋಗಿ ಬಂದರೇನು ಅನ್ನಿಸಿತು. ಹೋದರೆ ಏನು ಹೇಳುವುದು? ತಪ್ಪಾಯಿತು ಎನ್ನಬೇಕು. ಆದರೆ ಮತ್ತೆ ಆ ದಿನ ಬಂದರೆ ಮತ್ತೆ ಹಾಗೆಯೇ ತಲೆಯಾಡಿಸುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಲು ಹೋಗುವುದು ಬೇಡವೆಂದು ಸುಮ್ಮನಾದಳು.

ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿಗೆ ಕೊಟ್ಟಳು. ತೋಳು ಬಿಗಿಯಾಯಿತು. ಕೈಯೆತ್ತಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. ಸೀಮಂತಕ್ಕೂ ಅದನ್ನೇ ತೊಟ್ಟಳು. ತಂಗಿ, "ಯಾರಕ್ಕ ಹೊಲ್ದಿದ್ದು, ಇಷ್ಟು ಕೆಟ್ಟದಾಗಿ?" ಎಂದು ಕೇಳಿದಾಗ, "ಯಾರೋ ಕಣೇ, ಗುರ್ತಿಲ್ಲ," ಎಂದು ಬೇರೆ ಮಾತು ತೆಗೆದಳು.