ಮೂರನೇ ಕೊಳದ ಹೆಜ್ಜೆ

ಪತ್ತೇದಾರರು ಯಾರನ್ನೂ ಸುಮ್ಮನೆ ನಂಬಿದವರಲ್ಲ. ವನ್ಯಧಾಮದ ಗೇಟಿನಲ್ಲಿ ಮೂವತ್ತೊಂದು ವರ್ಷದಿಂದ ಕಾವಲುಗಾರರು. ಕಾಡು ಸುತ್ತಿ ವಾಪಸು ಬಂದವರ ಚೀಲ ಬಿಚ್ಚಿಸಿ, ಗರಿಯೋ ಮೊಟ್ಟೆಯೋ ಮರಿಯೋ ಕದ್ದುಕೊಂಡು ಹೋಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಬಿಡುತ್ತಿದ್ದರು. ಚೀಲ ಅಂದರೆ ಚೀಲವೊಂದೇ ಅಲ್ಲ. ಒಮ್ಮೆ ವಯಸ್ಸಾದ ಮೇಷ್ಟ್ರೊಬ್ಬರ ಛತ್ರಿಯನ್ನೂ ಬಿಡಿಸಿ ನೋಡಿದ್ದರು. "ಒಳಗೆ ಗಾಳಿ ಬಿಟ್ಟು ಇನ್ನೇನಿರುತ್ತಪ್ಪಾ?" ಎಂದು ಮೇಷ್ಟ್ರು ಕೇಳಿದರೆ, "ಗಾಳೀನೇ ಅಂತ ನೋಡಿದ ಮೇಲೆ ತಾನೆ ಗೊತ್ತಾಗೋದು ಸ್ವಾಮಿ?" ಎಂದಿದ್ದರು. ಅವತ್ತಿನಿಂದ ಪತ್ತೇದಾರರು ಅನ್ನೋ ಬಿರುದು ಅಂಟಿಕೊಂಡಿತು.

ಮನೆಯಲ್ಲಾದರೂ ಈ ಚಟ ಬಿಟ್ಟಿತೇ? ಎಲ್ಲಿಂದ ಬಂತು! ಗೇಟಿನ ಹಿಂದೆಯೇ ಎರಡು ಕೋಣೆಯ ಕ್ವಾರ್ಟರ್ಸು. ಹೆಂಡತಿ ತೀರಿಹೋಗಿ ಎಂಟು ವರ್ಷ. ಮಗಳು, ಅಳಿಯ, ತಾವು, ಮೂರೇ ಜನ. ಆ ಮೂವರಲ್ಲೂ ಸಕ್ಕರೆ ಡಬ್ಬಿಯ ಮುಚ್ಚಳ ಯಾವ ಕಡೆ ತಿರುಗಿದೆ, ಸೋಪು ಎಷ್ಟು ಸವೆದಿದೆ, ಪಕ್ಕದ ಕೋಣೆಯ ಪಿಸುಮಾತು ಯಾಕೆ ನಿಂತಿತು, ಎಲ್ಲದರ ಮೇಲೂ ಒಂದು ಕಣ್ಣು. ಅಳಿಯನ ಮೇಲಂತೂ ಎರಡೂ ಕಣ್ಣು. ಅವನು ಇದೇ ವನ್ಯಧಾಮದಲ್ಲಿ ಕಾಲುದಾರಿಗಳ ಕಳೆ ಕೀಳುವ, ಮರಗಳ ಮೇಲೆ ದಾರಿ ತೋರಿಸುವ ಬಣ್ಣದ ಪಟ್ಟೆ ಬಳಿಯುವ ಕೆಲಸದವನು. ಮಾತು ಕಡಿಮೆ. ಕೇಳಿದ್ದಕ್ಕೆ ಹೂಂ, ಉಹೂಂ, ಮುಗಿಯಿತು. ಇಷ್ಟು ಕಡಿಮೆ ಮಾತಾಡುವವನು ಏನನ್ನೋ ಬಚ್ಚಿಟ್ಟಿರಲೇಬೇಕು ಎಂದು ಮಾವನವರು ಮದುವೆಯ ದಿನವೇ ತೀರ್ಮಾನಿಸಿಬಿಟ್ಟಿದ್ದರು.

ಇಲ್ಲಿ ಐದು ಕೊಳ, ನಡುವೆ ಕಾಡು, ನಡೆಯುವವರಿಗೆ ನೀಲಿ, ಹಳದಿ, ಬಿಳಿ ಪಟ್ಟೆಯ ಮೂರು ದಾರಿ. ಯಾವ ದಾರಿ ಹಿಡಿದರೂ ಎರಡನೇ ಕೊಳದಿಂದ ಮೂರನೆಯದಕ್ಕೆ ಹೋಗುವವರು ಒಂದು ತಗ್ಗನ್ನು ದಾಟಲೇಬೇಕು. ಎರಡು ಪಕ್ಕವೂ ಜೊಂಡು, ಕಾಲಿಟ್ಟರೆ ಸೊಂಟದವರೆಗೆ ಕೆಸರು. ನಡುವೆ ಹನ್ನೆರಡು ಅಡಿ ಉದ್ದದ ಜೇಡಿಮಣ್ಣಿನ ಪಟ್ಟಿ. ದಿನಾ ಸಂಜೆ ಗೇಟು ಮುಚ್ಚಿದ ಮೇಲೆ ಪತ್ತೇದಾರರು ಅಲ್ಲಿಗೆ ಹೋಗಿ, ಮಣ್ಣಿಗೆ ನೀರು ಚಿಮುಕಿಸಿ, ಗಾರೆಯವರು ನೆಲ ಎಳೆಯುವಂತೆ ಹಲಗೆಯಿಂದ ನುಣ್ಣಗೆ ಎಳೆದು ಬರುತ್ತಿದ್ದರು. ಬೆಳಗ್ಗೆ ಆರಕ್ಕೆ ಹೋಗಿ ಅದನ್ನು ಓದುತ್ತಿದ್ದರು. ನೀರುನಾಯಿ ಮರಿಗಳ ಜೊತೆ ಬಂದಿತ್ತು, ಹಂದಿಯೊಂದು ಅರ್ಧಕ್ಕೇ ಹೆದರಿ ತಿರುಗಿತು, ಜಿಂಕೆ ಕುಂಟುತ್ತಿದೆ, ಎಲ್ಲ ಅಲ್ಲೇ ಬರೆದಿರುತ್ತಿತ್ತು. ಅವರು ಓದಿ ಪುಸ್ತಕದಲ್ಲಿ ಬರೆದಿಟ್ಟರೆ ದೊಡ್ಡ ಆಫೀಸಿನಲ್ಲೂ ಅದಕ್ಕೆ ಎದುರು ಮಾತಿಲ್ಲ.

ಮೂರನೇ ಕೊಳದಲ್ಲಿ ಬಿದ್ದ ಮರವೊಂದರ ಮೇಲೆ ಚುಕ್ಕೆ ಆಮೆಗಳು ಬಿಸಿಲು ಕಾಯುತ್ತವೆ. ಅಪರೂಪದ ಜಾತಿ. ಇಪ್ಪತ್ತಮೂರು ಇದ್ದವು. ಒಂದು ಗುರುವಾರ ಇಪ್ಪತ್ತಾಯಿತು, ಅವತ್ತು ಮಳೆ ಸುರಿದು ಮಣ್ಣಿನ ಮೇಲೆ ಗುರುತೇನೂ ಉಳಿದಿರಲಿಲ್ಲ. ಮುಂದಿನ ಗುರುವಾರ ಹದಿನಾರು. ಪತ್ತೇದಾರರ ಕಿವಿ ನೆಟ್ಟಗಾಯಿತು.

ಅದೇ ಬೆಳಗ್ಗೆ ಜೇಡಿಮಣ್ಣಿನ ಮೇಲೆ ಗಮ್‌ಬೂಟಿನ ಗುರುತು ಸಿಕ್ಕಿತು. ಹೋಗಿದ್ದು ಒಂದು ಸಾಲು, ಬಂದಿದ್ದು ಒಂದು ಸಾಲು. ಎಡಗಾಲಿನ ಹಿಮ್ಮಡಿಯಲ್ಲಿ ಚೌಕಾಕಾರದ ತೇಪೆ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಳಿಯ ಆ ತೇಪೆ ಅಂಟಿಸುವಾಗ ಪತ್ತೇದಾರರು ಎದುರಿಗೇ ಕೂತಿದ್ದರು. ಪಕ್ಕದಲ್ಲಿ ಏನನ್ನೋ ಇಳಿಸಿಟ್ಟ ದುಂಡನೆಯ ಗುರುತೂ ಇತ್ತು. ಬಣ್ಣದ ಡಬ್ಬಿ, ಇನ್ನೇನು? ಆರು ಗಂಟೆಗೆ ಮುಂಚೆ ಯಾರೂ ಒಳಗೆ ಕಾಲಿಡಬಾರದೆಂಬ ನಿಯಮ ಇರುವಾಗ ಈ ಮಹಾಶಯನಿಗೆ ಅಲ್ಲೇನು ಕೆಲಸ?

ನಿಜ ಹೇಳಬೇಕೆಂದರೆ ಅವರಿಗೆ ಸಿಟ್ಟಿನ ಜೊತೆ ಒಳಗೊಳಗೇ ಖುಷಿಯೂ ಆಯಿತು. ನಾನು ಅಂದುಕೊಂಡಿದ್ದೇ ಸರಿ ಅನ್ನುವ ಖುಷಿ. ಅದರಷ್ಟು ಕೆಟ್ಟ ಖುಷಿ ಇನ್ನೊಂದಿಲ್ಲ.

"ಏನಳಿಯಂದಿರೇ, ಇತ್ತೀಚೆಗೆ ಬೆಳಗ್ಗೆ ಬೇಗ ಏಳೋ ಹಾಗಿದೆ?" ಎಂದು ಅವತ್ತು ತಿಂಡಿಯ ಹೊತ್ತಿಗೆ ಕೆಣಕಿದರು.

"ಇಲ್ವಲ್ಲ ಮಾವ."

"ಬೂಟು ತೊಳೆದಿಟ್ಟಿದ್ದೀರಿ?"

ಅಳಿಯ ಹೆಂಡತಿಯ ಮುಖ ನೋಡಿದ. "ಕೆಸರಾಗಿತ್ತು," ಎಂದ.

"ಅಪ್ಪ, ತಿನ್ನೋಕಾದ್ರೂ ಬಿಡು ಅವ್ರನ್ನ," ಎಂದು ಮಗಳು ತಟ್ಟೆಯನ್ನು ಸದ್ದು ಮಾಡಿ ಇಟ್ಟಳು.

ಅಳಿಯ ಹೆಂಡತಿಯ ಕಡೆ ನೋಡಿದ್ದನ್ನು ಪತ್ತೇದಾರರು ಗಮನಿಸದೇ ಇರುತ್ತಾರೆಯೇ? ಪಾಪ, ನನ್ನ ಮಗಳಿಗೆ ಏನೂ ತಿಳಿಯದು, ಅವಳ ಮರೆಯಲ್ಲಿ ನಿಂತು ಬಚಾವಾಗಲು ನೋಡುತ್ತಿದ್ದಾನೆ ಎಂದುಕೊಂಡರು. ಇನ್ನೊಂದು ವಾರ ಕಾದರು. ಆಮೆ ಹನ್ನೆರಡಕ್ಕಿಳಿಯಿತು, ತೇಪೆಯ ಗುರುತು ಮತ್ತೆ ಬಿದ್ದಿತ್ತು. ಅವತ್ತೇ ಸಂಜೆ ದೊಡ್ಡ ಆಫೀಸಿನ ಆಫೀಸರಮ್ಮನಿಗೆ ದೂರು ಬರೆದು, ಅಳಿಯನ ಹೆಸರು, ಬೂಟು, ತೇಪೆ ಎಲ್ಲ ನಮೂದಿಸಿ ಕಳಿಸಿಬಿಟ್ಟರು. ಮಗಳ ಸಂಸಾರ ಏನಾಗುತ್ತದೆ ಎಂದು ಒಂದು ಗಳಿಗೆ ಕೈ ತಡೆಯಿತು. ಕಳ್ಳನ ಜೊತೆ ಬಾಳುವುದಕ್ಕಿಂತ ಅಪ್ಪನ ಮನೆಯಲ್ಲಿರುವುದೇ ವಾಸಿ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಲಕೋಟೆ ಅಂಟಿಸಿದರು.

ಮುಂದಿನ ಗುರುವಾರ ಎಂಟು ಗಂಟೆಗೆ ಬಂದು ಖುದ್ದಾಗಿ ನೋಡುತ್ತೇನೆ ಎಂದು ಆಫೀಸರಮ್ಮ ಹೇಳಿಕಳಿಸಿದರು.

ಗುರುವಾರ ಬೆಳಗ್ಗೆ ಆರಕ್ಕೆ ಪತ್ತೇದಾರರು ತಗ್ಗಿಗೆ ಇಳಿದರು. ಗುರುತು ಬಿದ್ದಿತ್ತು, ತೇಪೆ ಸಮೇತ. ಆಫೀಸರಮ್ಮನಿಗೆ ವಿವರಿಸಬೇಕಲ್ಲ, ಅದಕ್ಕೇ ಮಂಡಿಯೂರಿ ಕೂತು ಮೊದಲ ಸಲ ಪೂರ್ತಿ ಓದಿದರು.

ಬೂಟಿನ ಹಿಮ್ಮಡಿ ಆಳಕ್ಕೆ ಇಳಿದಿತ್ತು, ತುದಿ ಮಾತ್ರ ಮಣ್ಣಿಗೆ ಒತ್ತಿಯೇ ಇರಲಿಲ್ಲ. ತುದಿಯಲ್ಲಿ ಬೆರಳುಗಳೇ ಇಲ್ಲದ ಹಾಗೆ. ದೊಡ್ಡ ಬೂಟಿನೊಳಗೆ ಚಿಕ್ಕ ಕಾಲು. ಹೆಜ್ಜೆಯಿಂದ ಹೆಜ್ಜೆಗೆ ದೂರವೂ ಕಡಿಮೆ. ಅಳಿಯ ಉದ್ದ ಕಾಲಿನವನು, ಈ ಪಟ್ಟಿಯನ್ನು ಐದು ದಾಪಿನಲ್ಲಿ ದಾಟುತ್ತಾನೆ. ಇಲ್ಲಿ ಎಂಟು ಹೆಜ್ಜೆ ಇದ್ದವು. ಬಲಗಾಲು ಪ್ರತಿ ಹೆಜ್ಜೆಗೂ ತುಸು ಹೊರಕ್ಕೆ ತಿರುಗಿತ್ತು. ಆ ಬಲಗಾಲು ಅವರಿಗೆ ಗೊತ್ತು. ಏಳನೇ ವಯಸ್ಸಿನಲ್ಲಿ ಮರದಿಂದ ಬಿದ್ದು ಮುರಿದುಕೊಂಡವಳನ್ನು ಹೆಗಲ ಮೇಲೆ ಹೊತ್ತು ಓಡಿದವರು ಅವರೇ. ಎರಡು ವಾರದಿಂದ ಬೂಟನ್ನು ಓದಿದ್ದರು, ಅದರೊಳಗಿನ ಕಾಲನ್ನು ಓದಿರಲಿಲ್ಲ. ಬೇರೆ ಯಾರದಾದರೂ ಬೂಟಾಗಿದ್ದರೆ ಓದುತ್ತಿದ್ದರು.

ದುಂಡನೆಯ ಗುರುತು ಬಣ್ಣದ ಡಬ್ಬಿಯದಲ್ಲ, ಹಾಲಿನ ಕ್ಯಾನಿನದು.

ಗೇಟಿನ ಪಕ್ಕದ ಟೀ ಅಂಗಡಿ ಮಗಳದು. ಒಲೆ ಹಚ್ಚಬೇಕೆಂದು ದಿನಾ ಐದಕ್ಕೇ ಎದ್ದು ಹೋಗುತ್ತಾಳೆ. ಜಗತ್ತಿನವರ ಚೀಲವನ್ನೆಲ್ಲ ಬಿಚ್ಚಿಸಿದ ಪತ್ತೇದಾರರು ಆ ಕ್ಯಾನಿನ ಮುಚ್ಚಳವನ್ನು ಒಂದು ದಿನವೂ ತೆಗೆಸಿದವರಲ್ಲ.

ಅವರು ಏದುಸಿರು ಬಿಡುತ್ತಾ ಅಂಗಡಿಗೆ ಬಂದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಒಳಗೆ ಬೆಂಚಿನ ಕೆಳಗೆ ಕ್ಯಾನ್ ಇತ್ತು. ಮುಚ್ಚಳ ತೆಗೆದರು. ಒದ್ದೆ ಹುಲ್ಲಿನ ಮೇಲೆ ಮೂರು ಆಮೆ, ತಲೆ ಒಳಗೆಳೆದುಕೊಂಡು ಕೂತಿದ್ದವು.

"ಯಾಕಮ್ಮಾ?" ಎಂದರು.

ಮಗಳು ಸುಳ್ಳು ಹೇಳಲು ಹೋಗಲಿಲ್ಲ. "ಪೇಟೇಲಿ ಆ ದೊಡ್ಡ ಹೋಟೆಲ್ ಇದ್ಯಲ್ಲ, ಅಲ್ಲಿ ಬಾಗಿಲ ಹತ್ರ ಗಾಜಿನ ತೊಟ್ಟಿ ಮಾಡಿದಾರೆ. ಮ್ಯಾನೇಜರ್ ಆಮೆ ಕೇಳ್ದ. ತಂದ್ಕೊಟ್ರೆ ಅಡುಗೆಮನೇಲಿ ಕೆಲಸ, ಮೇಲ್ಗಡೆ ಒಂದು ರೂಮು ಕೊಡ್ತೀನಿ ಅಂದ. ಗುರುವಾರದ ಹಾಲಿನ ವ್ಯಾನಲ್ಲೇ ಕಳಿಸ್ತಿದ್ದೆ. ಕೆಸರು ಅಂತ ಅವ್ರ ಬೂಟು ಹಾಕ್ಕೊಂಡೆ, ದಾರಿ ಕೆಲಸದವ್ರ ಗುರುತು ತಾನೆ, ಸುಮ್ನಾಗ್ತೀಯ ಅಂದ್ಕೊಂಡೆ."

"ರೂಮು ಯಾಕೆ? ನಮಗೆ ಮನೆ ಇಲ್ವಾ?"

"ಅದು ಮನೇನಾ ಅಪ್ಪ? ಸಕ್ಕರೆ ತಗೊಂಡ್ರೆ ಮುಚ್ಚಳ ನೋಡ್ತೀಯ. ನಾವಿಬ್ರು ನಕ್ರೆ ಯಾಕೆ ನಕ್ಕಿದ್ದು ಅಂತ ಕೇಳ್ತೀಯ. ನಾಲ್ಕು ವರ್ಷದಿಂದ ಅವ್ರು ನಿನ್ನೆದುರು ಹೊಟ್ಟೆ ತುಂಬ ತಿಂದಿಲ್ಲ, ಗೊತ್ತಾ ನಿನಗೆ? ಬಾಗಿಲು ಹಾಕ್ಕೊಂಡ್ರೆ ಯಾರೂ ಕೇಳದ ಒಂದು ರೂಮು ಬೇಕಾಗಿತ್ತು ನಂಗೆ. ಅಷ್ಟೇ." ಅವಳ ಕಣ್ಣಲ್ಲಿ ನೀರು ತುಂಬಿತು. "ತಪ್ಪು ಮಾಡ್ದೆ. ಗೊತ್ತು."

ಪತ್ತೇದಾರರು ಕ್ಯಾನ್ ಎತ್ತಿಕೊಂಡು ಮೂರನೇ ಕೊಳಕ್ಕೆ ಹೋಗಿ ಆಮೆಗಳನ್ನು ನೀರಿಗೆ ಬಿಟ್ಟರು. ಹೋಗುವಾಗಲೂ ಬರುವಾಗಲೂ ಮಣ್ಣಿನ ಅಂಚಿನಲ್ಲೇ ಕಾಲಿಟ್ಟು, ನಡುವಿನ ಹೆಜ್ಜೆಗಳನ್ನು ತುಳಿಯದೆ ಬಂದರು. ಆಮೇಲೆ ಜೊಂಡಿನ ಮರೆಯಲ್ಲಿಟ್ಟಿದ್ದ ಹಲಗೆ ಕೈಗೆತ್ತಿಕೊಂಡರು. ಒಂದು ಸಲ ಎಳೆದರೆ ಸಾಕು, ಮಗಳು ಅಳಿಸಿಹೋಗುತ್ತಾಳೆ. ದೂರಿನಲ್ಲಿ ಅಳಿಯ ಉಳಿಯುತ್ತಾನೆ. ಮೂವತ್ತೊಂದು ವರ್ಷದಲ್ಲಿ ಓದಿದ್ದನ್ನು ಬರೆದಿಡದೆ ಅವರು ಅಳಿಸಿದ್ದಿಲ್ಲ. ಆದರೂ ಹಲಗೆಯನ್ನು ಮಣ್ಣಿಗೆ ತಾಗಿಸಿದರು.

"ಒರೆಸ್ಬೇಡಿ ಮಾವ."

ಹಿಂದೆ ಅಳಿಯ ನಿಂತಿದ್ದ. ಆ ಬೂಟೇ ಹಾಕಿಕೊಂಡು ಬಂದಿದ್ದ.

"ನನ್ನ ಮೇಲೆ ದೂರು ಹೋಗಿದೆ, ಆಫೀಸರಮ್ಮ ಬರ್ತಿದಾರೆ ಅಂತ ಈಗಷ್ಟೇ ಗೊತ್ತಾಯ್ತು. ಒರೆಸಿದ್ರೆ ಅನುಮಾನ ಬರುತ್ತೆ. ಬೂಟು ನಂದು, ಹೆಜ್ಜೇನೂ ನಂದೇ ಅಂತೀನಿ. ಅವಳ ಹೆಸರು ಬೇಡ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಬೆಳಗ್ಗೆ ಎದ್ದಾಗ ಬೂಟು ಒದ್ದೆ ಇರ್ತಿತ್ತಲ್ಲ. ಬೇಡ ಅಂತ ಜಗಳ ಆಡ್ದೆ. ಕೇಳ್ಲಿಲ್ಲ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನಂಬ್ತಿದ್ರಾ ಮಾವ?"

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅಳಿಯ ಅವರೊಡನೆ ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಪತ್ತೇದಾರರಿಗೆ ನಾಚಿಕೆಯಾಯಿತು, ತಲೆಯೆತ್ತಿ ಅವನ ಮುಖ ನೋಡಲಾರದಷ್ಟು. ಅಷ್ಟರಲ್ಲಿ ಗೇಟಿನ ಕಡೆ ಜೀಪು ನಿಂತ ಸದ್ದಾಯಿತು.

ಆಫೀಸರಮ್ಮ ಬಿರಬಿರನೆ ನಡೆದು ಬಂದರು. ಕೈಯಲ್ಲಿ ಪತ್ತೇದಾರರದೇ ಅಕ್ಷರದ ದೂರು. ಬಗ್ಗಿ ಗುರುತು ನೋಡಿದರು, ತೇಪೆ ನೋಡಿದರು, ಅಳಿಯನ ಎಡಗಾಲು ಎತ್ತಿಸಿ ನೋಡಿದರು.

"ನಿಮ್ದೇನಾ?"

"ಹೌದು ಮೇಡಂ. ನಾನೇ ಕದ್ದಿದ್ದು."

"ಅಲ್ಲ ಮೇಡಂ," ಎಂದರು ಪತ್ತೇದಾರರು. "ಬೂಟು ಇವ್ರದು. ಹೆಜ್ಜೆ ನನ್ನ ಮಗಳದು. ನಾನು ಬರ್ದಿದ್ದು ತಪ್ಪು."

ಆಫೀಸರಮ್ಮ ಅವರನ್ನು ಒಂದು ನಿಮಿಷ ದಿಟ್ಟಿಸಿ ನಕ್ಕರು. "ಪತ್ತೇದಾರರೇ, ಹೋದ ವರ್ಷ ನನ್ನ ಜೀಪಿನ ಡಿಕ್ಕಿನೇ ತೆಗೆಸಿ ನೋಡಿದವ್ರು ನೀವು. ಮೊನ್ನೆ ಅಳಿಯ ಅಂದ್ರಿ, ಇವತ್ತು ಮಗಳು ಅಂತೀರಿ, ನಾಳೆ ನಾನೇ ಕಳ್ಳಿ ಅಂತೀರೇನೋ! ಮಾಡಿದವ್ರೇ ಒಪ್ಕೊಂಡಿದಾರಲ್ಲ, ಇನ್ನೇನು ಬೇಕು?" ಅಳಿಯನ ಕಡೆ ತಿರುಗಿದರು. "ನಡೀರಿ, ಜೀಪ್ ಹತ್ತಿ."

"ಮೇಡಂ, ನಾನು ಓದಿದ್ದು ಯಾವತ್ತಾದ್ರೂ ತಪ್ಪಾಗಿದ್ಯಾ?"

"ತಪ್ಪಾಗಿದೆ ಅಂತ ನೀವೇ ಈಗ ಅಂದ್ರಲ್ಲ."

ಅಳಿಯ ಹೊರಟೇಬಿಟ್ಟ. ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ದಾರಿಗೆ ಅಡ್ಡವಾಗಿ ಮಗಳು ನಿಂತಿದ್ದಳು. ಯಾವಾಗ ಬಂದಿದ್ದಳೋ, ಎಷ್ಟು ಕೇಳಿಸಿಕೊಂಡಿದ್ದಳೋ.

"ಮೇಡಂ, ನಮ್ಮಪ್ಪಂಗೆ ಅನುಮಾನ ಜಾಸ್ತಿ," ಎಂದಳು. "ಅದ್ರಿಂದ ನಂಗೂ ಸಾಕಾಗಿ ಹೋಗಿದೆ. ಆದ್ರೆ ಅವ್ರು ಸುಳ್ಳು ಹೇಳಲ್ಲ."

"ಏನಮ್ಮ ಹಾಗಂದ್ರೆ?"

ಮಗಳು ಗಂಡನ ಕಡೆ ತಿರುಗಿದಳು. "ರೀ, ಬೂಟು ಬಿಚ್ಚಿ."

"ಬೇಡ ಕಣೇ."

"ಬಿಚ್ಚಿ ಅಂದ್ನಲ್ಲ."

ಅವನು ಬಿಚ್ಚಿ, ಬರಿಗಾಲಲ್ಲಿ ಪಕ್ಕಕ್ಕೆ ನಿಂತ. ಅವಳು ಚಪ್ಪಲಿ ಕಳಚಿ ಆ ದೊಡ್ಡ ಬೂಟಿನೊಳಗೆ ಕಾಲು ತೂರಿಸಿದಳು. ಜೇಡಿಮಣ್ಣಿನ ಪಟ್ಟಿಯ ಮುಂದೆ ಬಂದು, ಬೆಳಗಿನ ಸಾಲಿನ ಪಕ್ಕದಲ್ಲೇ ಮೊದಲ ಹೆಜ್ಜೆ ಊರಿದಳು. ಆಫೀಸರಮ್ಮನ ನಗು ನಿಂತಿತು. ಅವರು ಬಗ್ಗಿ ಎರಡು ಸಾಲನ್ನೂ ನೋಡತೊಡಗಿದರು. ಪತ್ತೇದಾರರು ಮಣ್ಣಿನ ಕಡೆ ನೋಡಲೇ ಇಲ್ಲ. ಮಗಳನ್ನೇ ನೋಡುತ್ತಿದ್ದರು. ನಾಲ್ಕನೇ ಹೆಜ್ಜೆಗೆ ಅವಳ ಬಲಗಾಲು ಸರ್ರೆಂದಿತು.

"ಜಾರುತ್ತಮ್ಮಾ, ನಿಧಾನ," ಎಂದು ಅವರ ಬಾಯಿಂದ ಬಂದೇಬಿಟ್ಟಿತು.

ಅವಳು ಒಂದು ಕ್ಷಣ ನಿಂತಳು. ಆಮೇಲೆ ನಿಧಾನವಾಗಿಯೇ ನಡೆದು ಆಚೆ ದಡ ಸೇರಿದಳು.