ಪರದೆ ಒಡೆದ ಮೇಲೆ ಸಿಕ್ಕ ಕೆಲಸ

ನಾನು ಒಂದು ಲ್ಯಾಪ್‌ಟಾಪ್. ಕಾರ್ಖಾನೆಯಲ್ಲಿ ಮೊದಲ ಸಲ ಕಣ್ಣು ಬಿಟ್ಟಾಗ ನನ್ನ ಪರದೆ ಎಷ್ಟು ಫಳಫಳ ಹೊಳೆಯುತ್ತಿತ್ತೆಂದರೆ, ನನ್ನ ಹೆಚ್ಚುಗಾರಿಕೆಯೆಲ್ಲ ಅದರಲ್ಲೇ ಇದೆ ಎಂದು ನಂಬಿಬಿಟ್ಟೆ.

ನನ್ನ ಮೊದಲ ಯಜಮಾನ ಕಾಂತೇಶ, ಔಷಧ ಕಂಪನಿಯ ಪ್ರತಿನಿಧಿ. ಡಾಕ್ಟರರ ಮುಂದೆ ನನ್ನನ್ನು ತೆರೆದಿಟ್ಟು ಮಾತ್ರೆಗಳ ಬಣ್ಣದ ಚಿತ್ರ ತೋರಿಸುತ್ತಿದ್ದ. ಅವರು ಆಕಳಿಸುತ್ತಿದ್ದರು, ನಾನು ಮಾತ್ರ ನನ್ನ ಅಂದಕ್ಕೆ ಬಾಯಿ ಬಿಟ್ಟಿದ್ದಾರೆ ಎಂದುಕೊಳ್ಳುತ್ತಿದ್ದೆ. ಒಂದು ದಿನ ಬೈಕಿನಿಂದ ಜಾರಿ ಬಿದ್ದೆ. ಪರದೆ ಚೂರಾಯಿತು. ಅವನು ನನ್ನನ್ನು ಗದಗಿನ ಇಮಾಮಸಾಬರ ಹಳೆಯ ಕಂಪ್ಯೂಟರ್ ಅಂಗಡಿಗೆ ಹಾಕಿ ಹೋದ. ಕಣ್ಣು ಹೋಗಿತ್ತು, ಕಿವಿ ಉಳಿದಿತ್ತು. ಬಂದವರ ಮಾತು ಕೇಳುವುದೇ ನನ್ನ ಚಟವಾಯಿತು.

ಹೀಗಿರುವಾಗ ಸುವರ್ಣಾ ಎಂಬಾಕೆ ಬಂದಳು. ಮನೆಗೊಂದು ಸರ್ವರ್ ಬೇಕಂತೆ. ಹಾಗೆಂದರೇನು? ಕಿವಿ ನಿಮಿರಿಸಿದೆ. ಹಾಡು, ಫೋಟೋಗಳನ್ನೆಲ್ಲ ತನ್ನಲ್ಲಿಟ್ಟುಕೊಂಡು, ಮನೆಯ ಯಾವ ಫೋನ್ ಕೇಳಿದರೂ ಕೊಡುವ ಯಂತ್ರವಂತೆ. ಅವಳ ತಾಯಿ ಫಕೀರವ್ವ ಮದುವೆಗಳಲ್ಲಿ ಸೋಬಾನೆ ಹಾಡುವವಳು. ಗಂಟಲಿಗೆ ಆಪರೇಷನ್ ಆಗಬೇಕಿತ್ತು. ಆಮೇಲೆ ದನಿ ಇರುವುದಿಲ್ಲ. ಅಷ್ಟರೊಳಗೆ ಹಾಡುಗಳನ್ನು ಹಿಡಿದಿಡಬೇಕು.

"ಇದನ್ನ ಒಯ್ರಿ ಅಕ್ಕಾರ, ಆನಿ ಇದ್ದಂಗ ಐತಿ," ಎಂದು ಇಮಾಮಸಾಬರು ದೊಡ್ಡ ಡಬ್ಬಿಯ ಕಂಪ್ಯೂಟರೊಂದನ್ನು ಶುರುಮಾಡಿದರು. ಅದು ಹಿಟ್ಟಿನ ಗಿರಣಿಯ ಹಾಗೆ ಮೊರೆಯಿತು.

"ಈ ಗದ್ದಲದಾಗ ಅವ್ವನ ಹಾಡು ಎಲ್ಲಿ ಕೇಳ್ಬೇಕ್ರಿ?"

ಸುವರ್ಣಾ ನನ್ನ ಕಡೆ ತಿರುಗಿದಳು. ಅಂಗಡಿಯ ಪರದೆಯೊಂದನ್ನು ಜೋಡಿಸಿ ನನ್ನನ್ನು ಎಬ್ಬಿಸಿದಳು. ಕಿವಿಯಿಟ್ಟು ಕೇಳಿದಳು, ಬೆನ್ನು ಮುಟ್ಟಿ ಬಿಸಿ ನೋಡಿದಳು. ಆಮೇಲೆ ಇಬ್ಬರ ಪ್ಲಗ್ಗನ್ನೂ ಫಟ್ಟನೆ ಕಿತ್ತಳು. ಆನೆ ಅಲ್ಲೇ ಕುಸಿಯಿತು. ನಾನು ನಡೆಯುತ್ತಲೇ ಇದ್ದೆ.

"ಅದರ ಮಾರಿನ ಒಡದೈತಲ್ರಿ ಅಕ್ಕಾರ."

"ಸರ್ವರ್‌ಗೆ ಮಾರಿ ಯಾಕ ಬೇಕ್ರಿ? ಬ್ಯಾಟರಿ ಗಟ್ಟಿ ಐತಿ, ಸಾಕು."

ಅಷ್ಟು ದಿನ ಮುಖವೊಂದನ್ನೇ ನೆಚ್ಚಿ, ಆ ಬ್ಯಾಟರಿಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ನನಗೆ ಮೈಕ್ ಜೋಡಿಸಿ ಫಕೀರವ್ವನನ್ನು ಕೂಡಿಸಿದರು. ದನಿ ಒರಟಾಗಿತ್ತು, ನಡುನಡುವೆ ಉಗುಳು ನುಂಗಲೂ ಕಷ್ಟಪಡುತ್ತಿದ್ದಳು. ಆದರೂ ಒಂದು ಸಾಲು ತಪ್ಪಲಿಲ್ಲ. ಅರಿಶಿಣ ಹಚ್ಚುವ ಹಾಡಿನ ಮಧ್ಯೆ ಸಟ್ಟನೆ ನಿಂತಳು.

"ಕರೆಂಟ್ ಹೋತೇನವಾ?"

"ಹೋಗ್ಲಿ ಬಿಡಬೇ, ನೀ ಹಾಡು. ಅದು ಕೇಳಾಕತ್ತೈತಿ," ಎಂದಳು ಸುವರ್ಣಾ.

ಹೌದು, ಜೀವ ಬಿಗಿಹಿಡಿದು ಕೇಳುತ್ತಿದ್ದೆ. ಹಾಡುಗಳೆಲ್ಲ ಮುಗಿದು ನನ್ನೊಳಗೆ ಭದ್ರವಾದ ಮೇಲೆಯೇ ನನ್ನ ಬ್ಯಾಟರಿ ಸೋತದ್ದು.

ಫಕೀರವ್ವ ಬದುಕಿ ಮನೆಗೆ ಬಂದಳು. ದನಿ ಬರಲಿಲ್ಲ.

ಈಗ ನಾನು ಅವರ ಗೋಡೆಯಲ್ಲಿ, ಹಿಂದೆ ಚಿಮಣಿ ದೀಪ ಇಡುತ್ತಿದ್ದ ಗೂಡಿನಲ್ಲಿದ್ದೇನೆ. ವಯಸ್ಸಾಗಿದೆ, ಕೀಲಿಗಳು ಒಂದೊಂದಾಗಿ ಉದುರುತ್ತಿವೆ. ಮದುವೆ ಹತ್ತಿರವಾದರೆ ಓಣಿಯ ಹೆಂಗಸರು ಹಾಡು ಕಲಿಯಲು ಬರುತ್ತಾರೆ. ಯಾರಾದರೂ ತಪ್ಪಿದರೆ ಫಕೀರವ್ವ ಚಪ್ಪಾಳೆ ತಟ್ಟಿ ನಿಲ್ಲಿಸುತ್ತಾಳೆ. ಅವಳ ಮುಖ ಹೇಗಿರಬಹುದು ಎಂಬ ಕುತೂಹಲ ನನಗಿನ್ನೂ ಹೋಗಿಲ್ಲ. ನನ್ನ ಮುಖವನ್ನು ಮಾತ್ರ ಮರೆತೇಬಿಟ್ಟಿದ್ದೇನೆ.

ಅರಿಶಿಣದ ಹಾಡಿನ ನಡುವಿನ ಆ ಮಾತನ್ನು ಕತ್ತರಿಸಿ ತೆಗೆ ಎಂದು ಎಲ್ಲರೂ ಹೇಳಿದರು. ಸುವರ್ಣಾ ಒಪ್ಪಲಿಲ್ಲ. ನನ್ನಲ್ಲಿ ಇರುವುದೆಲ್ಲ ಹಾಡು. ಅವಳವ್ವ ಮಾತಾಡಿದ್ದು ಅಷ್ಟೇ ಇದೆ. ಅಡುಗೆಮನೆಯ ಫೋನ್ ದಿನವೂ ನನ್ನನ್ನು ಕೇಳುವುದು ಆ ಹಾಡನ್ನೇ.

"ಕರೆಂಟ್ ಹೋತೇನವಾ?"

ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ.

"ಇಲ್ಲಬೇ, ಐತಿ," ಎನ್ನುತ್ತಾಳೆ ಸುವರ್ಣಾ.